ಸಿಕ್ಸ್ ಡೇ ಟ್ರ್ಯಾಕ್ ರೇಸ್: ವಿದೇಶಕ್ಕೆ ಹೋಗಿ ಆರು ರಾತ್ರಿ ಸೈಕಲ್ ತುಳೀಬೇಕು ಅನ್ನೋರು ಪದೇ ಪದೇ ಕೇಳುವ ಪ್ರಶ್ನೆಗಳು

ಒಳಾಂಗಣ ಟ್ರ್ಯಾಕ್ ಮೇಲೆ ನಡೆಯೋ ಸಿಕ್ಸ್ ಡೇ ರೇಸ್ ಬಗ್ಗೆ ಮಾತು ಬಂದ್ರೆ ಎಲ್ರೂ ಹೆಚ್ಚುಕಮ್ಮಿ ಇವೇ ಪ್ರಶ್ನೆ ಕೇಳ್ತಾರೆ, ಮೆಸೇಜಲ್ಲೂ ಇವೇ, ಎದುರು ಸಿಕ್ಕಾಗ್ಲೂ ಇವೇ. ಅದಕ್ಕೆ ಎಲ್ಲಾ ಒಂದೇ ಕಡೆ ಕೂಡಿಸಿ ಬರ್ದಿದೀನಿ. ಮೊದಲಿಗೆ ಏನೂ ಗೊತ್ತಿಲ್ದೋರು ಕೇಳೋದು, ಆಮೇಲಾಮೇಲೆ ಈಗಾಗ್ಲೇ ಟ್ರ್ಯಾಕ್ ಮೇಲೆ ಇರೋರು ಕೇಳೋದು. ನಿಮಗೆ ಬೇಕಾದ್ದೊಂದೇ ಓದಿದ್ರೂ ಸಾಕು.

## ಇದೇನು ಅಂತ ತಿಳ್ಕೊಳ್ಳೋರಿಗೆ

ಆರು ದಿನ ನಿದ್ದೆ ಮಾಡ್ದೆ ತುಳೀತಾನೇ ಇರ್ಬೇಕಾ?

ಈಗ ಹಂಗಿಲ್ಲ. ಸಂಜೆ ಶುರುವಾಗಿ ನಡುರಾತ್ರಿ ಹೊತ್ತಿಗೆ, ಕೆಲವು ಕಡೆ ಅದನ್ನೂ ದಾಟಿ ಮುಗಿಯತ್ತೆ, ಹಿಂಗೆ ಆರು ಸಲ. ಇಬ್ಬರು ಸೇರಿ ಒಂದು ಟೀಮ್, ಒಂದೇ ರಾತ್ರೀಲಿ ಬೇರೆ ಬೇರೆ ಥರದ ಹಲವು ರೇಸ್, ನಡುನಡುವೆ ಸ್ವಲ್ಪ ಬಿಡುವು. ಕೇಳೋಕೆ ಸುಲಭ ಅನ್ಸತ್ತೆ, ಆದ್ರೆ ಆ ಬಿಡುವಲ್ಲಿ ಮೈ ತಣ್ಣಗಾಗಿ ಮತ್ತೆ ಐವತ್ತು ಕಿಲೋಮೀಟರ್ ಸ್ಪೀಡಿಗೆ ಎಬ್ಬಿಸ್ಬೇಕಲ್ಲ, ಅದನ್ನ ಒಂದು ರಾತ್ರೀಲಿ ಎಷ್ಟೋ ಸಲ, ಆರು ರಾತ್ರಿ ಮಾಡೋದೇ ಈ ರೇಸಿನ ನಿಜವಾದ ಕಷ್ಟ.

ಆರೇ ದಿನ ಯಾಕೆ? ಐದೋ ಏಳೋ ಯಾಕಲ್ಲ?

ಇದು ಶುರುವಾದ ಕಾಲದಲ್ಲಿ ಇಂಗ್ಲೆಂಡು ಅಮೆರಿಕದಲ್ಲಿ ಭಾನುವಾರ ಇಂಥ ಆಟ ನಡೆಸೋ ಹಾಗಿರ್ಲಿಲ್ಲ, ಉಳಿದಿದ್ದು ಆರು ದಿನ. 1878ರಲ್ಲಿ ಲಂಡನ್‌ನ ಇಸ್ಲಿಂಗ್ಟನ್‌ನಲ್ಲಿದ್ದ ಅಗ್ರಿಕಲ್ಚರಲ್ ಹಾಲ್‌ನಲ್ಲಿ ಡೇವಿಡ್ ಸ್ಟಾಂಟನ್ ಅನ್ನೋರು ಆರು ದಿನದಲ್ಲಿ ಸಾವಿರ ಮೈಲಿ ತುಳೀತೀನಿ ಅಂತ ಬೆಟ್ ಕಟ್ಟಿ ಗೆದ್ರು. 1891ರಿಂದ ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ನಡೆಯೋಕೆ ಶುರುವಾಯ್ತು, ಆಗ ಒಬ್ಬೊಬ್ಬರೇ, ತಡ್ಕೊಳ್ಳೋ ತನಕ ತುಳಿಯೋದು. ಮುಂದೆ 1899ರಲ್ಲಿ ಸ್ಪ್ರಿಂಟ್ ವಿಶ್ವ ಚಾಂಪಿಯನ್ ಆದ ಮೇಜರ್ ಟೇಲರ್ 1896ರಲ್ಲಿ ಹದಿನೆಂಟನೇ ವಯಸ್ಸಿಗೆ ಅಲ್ಲಿ ಓಡಿದ್ರು, ಅವರಂಥ ಗಟ್ಟಿಗರಿಗೂ ನಿದ್ದೆಗೆಟ್ಟು ಇಲ್ಲದ್ದೆಲ್ಲ ಕಣ್ಮುಂದೆ ಬರೋ ಸ್ಥಿತಿ ಆಗಿತ್ತು. ಇದು ಮನುಷ್ಯರಿಗೆ ಕೊಡೋ ಹಿಂಸೆ ಅಂತ ಜನ ಸಿಟ್ಟಾದ ಮೇಲೆ 1898ರಲ್ಲಿ ಅಲ್ಲಿ ಕಾನೂನು ಬಂತು, ಒಬ್ಬ ರೈಡರ್ ದಿನಕ್ಕೆ ಹನ್ನೆರಡು ಗಂಟೆಗಿಂತ ಜಾಸ್ತಿ ತುಳಿಯೋ ಹಾಗಿಲ್ಲ ಅಂತ. ಆಯೋಜಕರು ಇಬ್ಬರ ಟೀಮ್ ಮಾಡಿ ಒಬ್ಬ ಇಳಿದಾಗ ಇನ್ನೊಬ್ಬ ಹತ್ತೋ ಹಾಗೆ ಮಾಡಿದ್ರು. ಮ್ಯಾಡಿಸನ್ ರೇಸ್ ಹುಟ್ಟಿದ್ದು ಹಿಂಗೆ.

ಈಗ ಎಲ್ಲೆಲ್ಲಿ ನಡೆಯತ್ತೆ?

ಮುಖ್ಯವಾಗಿ ಯುರೋಪ್, ಅದೂ ಚಳಿಗಾಲದಲ್ಲಿ, ರೋಡ್ ಸೀಸನ್ ಮುಗಿದ ಮೇಲೆ. ಬೆಲ್ಜಿಯಂನ ಗೆಂಟ್ ಎಲ್ಲಕ್ಕಿಂತ ಹೆಸರುವಾಸಿ, ನವೆಂಬರ್‌ನಲ್ಲಿ ಕೈಪ್ಕೆ ಅನ್ನೋ ಹಳೇ ಟ್ರ್ಯಾಕ್‌ನಲ್ಲಿ, ಮಂಗಳವಾರದಿಂದ ಭಾನುವಾರದವರೆಗೆ, 1922ರಿಂದ ಇರೋ ರೇಸ್ ಅದು. ರಾಟರ್‌ಡ್ಯಾಮ್, ಬ್ರೆಮೆನ್, ಬರ್ಲಿನ್, ಕೋಪನ್‌ಹೇಗನ್ ಹೆಸರುಗಳೂ ಕೇಳಿರ್ತೀರ. ಬರ್ಲಿನ್ನಿನದು 1909ರಲ್ಲೇ ಶುರುವಾಗಿದ್ದು. ಒಂದು ಮಾತು ನೆನಪಿರ್ಲಿ, ಹೆಸರಲ್ಲಿ ಸಿಕ್ಸ್ ಡೇ ಅಂತಿದ್ರೂ ಕೆಲವು ಈಗ ಮೂರ್ನಾಲ್ಕು ದಿನಕ್ಕೆ ಇಳಿದಿವೆ, ಡಾರ್ಟ್ಮಂಡ್, ಮ್ಯೂನಿಕ್, ಜ್ಯೂರಿಕ್ ಥರದ ದೊಡ್ಡ ರೇಸ್‌ಗಳು ನಿಂತೇ ಹೋಗಿವೆ. ಹಾಗಾಗಿ ಟಿಕೆಟ್ ಬುಕ್ ಮಾಡೋ ಮೊದ್ಲು ಆ ವರ್ಷದ ಕ್ಯಾಲೆಂಡರ್ ನೋಡಿ.

ಒಂದು ರಾತ್ರೀಲಿ ಏನೇನು ರೇಸ್ ಇರತ್ತೆ?

ಮ್ಯಾಡಿಸನ್ ಮುಖ್ಯ, ರಾತ್ರಿಗೆ ಒಂದೋ ಎರಡೋ ಇರತ್ತೆ, ಅರ್ಧ ಗಂಟೆಯಿಂದ ಒಂದು ಗಂಟೆ ತನಕ. ಅದರ ಸುತ್ತ ಎಲಿಮಿನೇಷನ್, ಅಂದ್ರೆ ಒಂದೆರಡು ಸುತ್ತಿಗೊಮ್ಮೆ ಕೊನೇಲಿ ಇರೋರು ಹೊರಗೆ. ಸಣ್ಣ ಮೋಟಾರು ಗಾಡಿ ಹಿಂದೆ ಓಡಿಸೋ ಡರ್ನಿ ಒಂದು. ಒಂದು ಸುತ್ತು ಟೈಮ್ ಟ್ರಯಲ್, ಗೆಂಟ್‌ನಲ್ಲಿ 500 ಮೀಟರ್ ಟೈಮ್ ಟ್ರಯಲ್, ಪಾಯಿಂಟ್ಸ್ ರೇಸ್, ಅಂದ್ರೆ ನಡುನಡುವೆ ಸ್ಪ್ರಿಂಟ್ ಹೊಡೆದು ಪಾಯಿಂಟ್ ಕೂಡಿಸೋದು, ಸ್ಕ್ರ್ಯಾಚ್, ಅಂದ್ರೆ ಎಲ್ರೂ ಒಟ್ಟಿಗೆ ಹೊರಟು ಮೊದಲು ಮುಗಿಸಿದೋರು ಗೆಲ್ಲೋದು. ಈ ಸಣ್ಣ ರೇಸ್‌ಗಳು ಕೊಡೋ ಪಾಯಿಂಟ್ಸ್ ಕೊನೇ ರಾತ್ರಿ ಹೊತ್ತಿಗೆ ತುಂಬಾ ಬೆಲೆ ಬಾಳತ್ತೆ, ಹೊಸಬರು ಇದನ್ನ ಹಗುರವಾಗಿ ತಗೋತಾರೆ.

ಪಾಯಿಂಟ್ ಜಾಸ್ತಿ ಇದ್ದ ಟೀಮ್ ಸೋತಿದ್ದು ನೋಡ್ದೆ, ಇದ್ಯಾವ ಲೆಕ್ಕ?

ಸಿಕ್ಸ್ ಡೇನಲ್ಲಿ ಮೊದಲು ನೋಡೋದು ಲ್ಯಾಪ್, ಪಾಯಿಂಟ್ ಅಲ್ಲ. ಎಲ್ರನ್ನೂ ಬಿಟ್ಟು ಮುಂದೆ ಹೋಗಿ ಒಂದು ಸುತ್ತು ಪೂರ್ತಿ ಹಾಕಿ ಗುಂಪಿನ ಬಾಲ ಹಿಡಿದ್ರೆ ನೀವು ಒಂದು ಲ್ಯಾಪ್ ಮೇಲೆ. ನಿಮಗಿಂತ ಮುನ್ನೂರು ಪಾಯಿಂಟ್ ಜಾಸ್ತಿ ಇದ್ದೋರೂ ಒಂದು ಲ್ಯಾಪ್ ಕೆಳಗಿದ್ರೆ ನಿಮಗಿಂತ ಹಿಂದೆ. ಒಂದೇ ಲ್ಯಾಪ್‌ನಲ್ಲಿ ಇರೋರ ನಡುವೆ ಮಾತ್ರ ಪಾಯಿಂಟ್ ಎಣಿಸ್ತಾರೆ. ಆದ್ರೆ ಪ್ರತಿ ನೂರು ಪಾಯಿಂಟ್ ಆದಾಗ ಒಂದು ಬೋನಸ್ ಲ್ಯಾಪ್ ಸಿಗೋ ಪದ್ಧತಿ ಇದೆ, ಆಟ ಬದಲಾಗೋದು ಅಲ್ಲೇ. ಒಲಿಂಪಿಕ್ಸ್ ಮ್ಯಾಡಿಸನ್‌ನಲ್ಲಿ ಹೀಗಿಲ್ಲ, ಅಲ್ಲಿ ಹತ್ತು ಸುತ್ತಿಗೊಮ್ಮೆ ಸ್ಪ್ರಿಂಟ್, 5, 3, 2, 1 ಪಾಯಿಂಟ್, ಕೊನೇದಕ್ಕೆ ಎರಡರಷ್ಟು, ಲ್ಯಾಪ್ ಹೊಡೆದ್ರೆ 20 ಪಾಯಿಂಟ್, ಎಲ್ಲ ಕೂಡಿಸಿ ಮೊತ್ತ. ಅದನ್ನ ನೋಡಿ ಬಂದೋರು ಇಲ್ಲಿ ಗೊಂದಲ ಮಾಡ್ಕೊಳ್ಳೋದು ಸಹಜ.

ಹೆಣ್ಮಕ್ಕಳಿಗೂ ಇದ್ಯಾ?

ಇದೆ, ಆದ್ರೆ ಬಹಳ ಕಡೆ ಗಂಡಸರ ಪೂರ್ತಿ ಆರು ರಾತ್ರಿಯಷ್ಟು ಇಲ್ಲ, ಕೆಲವು ರಾತ್ರಿ ಮಾತ್ರ ಅಥವಾ ಓಮ್ನಿಯಂ (ಒಬ್ಬೊಬ್ಬರೇ ಹಲವು ರೇಸ್ ಓಡಿ ಪಾಯಿಂಟ್ ಕೂಡಿಸೋದು) ರೂಪದಲ್ಲಿ ಇಟ್ಟಿರ್ತಾರೆ. ಇದು ಬದಲಾಗ್ಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ, ಯಾಕಂದ್ರೆ ಆಡೋರು ಇಲ್ಲ ಅನ್ನೋ ಕಾರಣ ಈಗ ನಿಲ್ಲಲ್ಲ. ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಮೊದಲ ಸಲ ಹೆಣ್ಮಕ್ಕಳ ಮ್ಯಾಡಿಸನ್ ಬಂತು, ಬ್ರಿಟನ್ನಿನ ಕೇಟಿ ಆರ್ಚಿಬಾಲ್ಡ್ ಮತ್ತು ಲಾರಾ ಕೆನ್ನಿ ಗೆದ್ರು, ಆ ರೇಸಿನ ಕೈ ಬದಲಾವಣೆ, ಅಂದ್ರೆ ಜೊತೆಗಾರರ ಕೈ ಹಿಡಿದು ಮುಂದಕ್ಕೆ ಎಸೆದು ರೇಸಿಗೆ ಇಳಿಸೋದು, ಒಂದು ಸಲ ನೋಡಿ.

## ಹೋಗೋಕೆ ಮುಂಚೆ

ನಾನು ರೋಡ್ ರೇಸ್ ಓಡ್ತೀನಿ, ಡೈರೆಕ್ಟಾಗಿ ಎಂಟ್ರಿ ಕಟ್ಟಿ ಹೋಗ್ಬೋದಾ?

ಆಗಲ್ಲ. ದೊಡ್ಡ ಸಿಕ್ಸ್ ಡೇಗೆ ದುಡ್ಡು ಕಟ್ಟಿ ಎಂಟ್ರಿ ತಗೊಳ್ಳೋ ಪದ್ಧತಿ ಇಲ್ಲ, ಆಯೋಜಕರೇ ರೈಡರ್‌ಗಳನ್ನ ಕರೀತಾರೆ, ಕಾಂಟ್ರ್ಯಾಕ್ಟ್ ಮಾಡ್ತಾರೆ, ಜೋಡಿ ಕೂಡಾ ಬಹಳ ಸಲ ಅವರೇ ಹಾಕ್ತಾರೆ. ಹನ್ನೆರಡೋ ಹದಿನೈದೋ ಜೋಡಿಗೆ ಮಾತ್ರ ಜಾಗ ಇರೋ ಸಣ್ಣ ಟ್ರ್ಯಾಕ್‌ನಲ್ಲಿ ಗೊತ್ತಿಲ್ದೋರನ್ನ ಬಿಡೋದು ಎಲ್ರಿಗೂ ಅಪಾಯ ಅಂತ ಅವರಿಗೆ ಗೊತ್ತು. ನೀವು ರೋಡಲ್ಲಿ ಎಷ್ಟೇ ಗಟ್ಟಿ ಇರ್ಬೋದು, ಅವರು ಮೊದಲು ವಿಚಾರಿಸೋದು ಇವ ನೇರ ಗೆರೇಲಿ ಓಡಿಸ್ತಾನಾ, ಕೈ ಬದಲಾವಣೆ ಬರತ್ತಾ ಅಂತ. ಇಂಟರ್‌ನ್ಯಾಷನಲ್ ಟ್ರ್ಯಾಕ್ ಮೀಟ್‌ಗಳಲ್ಲಿ ಮ್ಯಾಡಿಸನ್ ಮತ್ತು ಪಾಯಿಂಟ್ಸ್ ರೇಸ್ ರಿಸಲ್ಟ್ ಇರ್ಬೇಕು, ಅಲ್ಲಿ ನಿಮ್ಮ ಜೊತೆ ಓಡಿದೋರು ನಿಮ್ಮ ಬಗ್ಗೆ ಒಳ್ಳೇ ಮಾತಾಡ್ಬೇಕು. ಈ ಎರಡನೇದು ಮೊದಲನೇದಕ್ಕಿಂತ ಜಾಸ್ತಿ ಕೆಲಸ ಮಾಡತ್ತೆ.

ವಯಸ್ಸು ಇಪ್ಪತ್ತು, ನನಗೆ ಯಾವ ಬಾಗಿಲು?

23 ವರ್ಷದೊಳಗಿನೋರಿಗೆ ಅಂತ್ಲೇ ದೊಡ್ಡ ಸಿಕ್ಸ್ ಡೇಗಳ ಜೊತೆ ಬೇರೆ ರೇಸ್ ಇಡೋ ರೂಢಿ ಬಹಳ ಕಾಲದಿಂದ ಇದೆ, ಸಾಮಾನ್ಯವಾಗಿ ಸಂಜೆ ದೊಡ್ಡೋರ ಕಾರ್ಯಕ್ರಮಕ್ಕಿಂತ ಮುಂಚೆ. ಅದೇ ಟ್ರ್ಯಾಕ್, ಅದೇ ಲೈಟು, ಮುಗಿದ ಮೇಲೆ ದೊಡ್ಡೋರು ಹೇಗೆ ಓಡಿಸ್ತಾರೆ ಅಂತ ಪಕ್ಕದಲ್ಲೇ ನಿಂತು ನೋಡ್ಬೋದು. ನಿಮ್ಮ ಫೆಡರೇಷನ್ ಮೂಲಕ ಅಥವಾ ಅಲ್ಲಿನ ಒಂದು ಕ್ಲಬ್ ಮೂಲಕ ಕೇಳಿಸ್ಬೇಕು. ಒಂದು ಸೀಸನ್ ಅಲ್ಲಿಗೇ ಹೋಗಿ ಟ್ರ್ಯಾಕ್ ಹತ್ತಿರ ಇದ್ದು, ವಾರ ವಾರ ನಡೆಯೋ ಸಣ್ಣ ರೇಸ್ ಓಡಿ, ಆಮೇಲೆ ಕೇಳೋದು ಎಲ್ಲಕ್ಕಿಂತ ಒಳ್ಳೇ ದಾರಿ.

ಲೈಸೆನ್ಸ್, ವೀಸಾ ಎಲ್ಲ ಏನೇನು ಬೇಕು?

ನಿಮ್ಮ ದೇಶದ ಫೆಡರೇಷನ್ ಕೊಡೋ ಯುಸಿಐ (ಅಂತರರಾಷ್ಟ್ರೀಯ ಸೈಕ್ಲಿಂಗ್ ಸಂಸ್ಥೆ) ಲೈಸೆನ್ಸ್, ಆ ವರ್ಷದ್ದು. ಚಳಿಗಾಲದ ರೇಸ್ ಆದ್ರಿಂದ ವರ್ಷ ಬದಲಾಗೋ ಹೊತ್ತಲ್ಲಿ ಇರ್ತೀರ, ಜನವರಿ ರೇಸಿಗೆ ಹೊಸ ವರ್ಷದ ಲೈಸೆನ್ಸೇ ಬೇಕು, ಡಿಸೆಂಬರ್ ರಜೇಲಿ ಆಫೀಸ್ ಮುಚ್ಚೋ ಮುಂಚೆ ಮಾಡಿಸ್ಕೊಳ್ಳಿ. ಹೊರದೇಶದಲ್ಲಿ ಓಡೋಕೆ ಫೆಡರೇಷನ್‌ನಿಂದ ಅನುಮತಿ ಪತ್ರಾನೂ ತಗೊಂಡಿರಿ. ಷೆಂಗೆನ್ ವೀಸಾ (ಯುರೋಪಿನ ಬಹಳಷ್ಟು ದೇಶಕ್ಕೆ ಆಗೋ ಒಂದೇ ವೀಸಾ) ಬೇಕಾದೋರಿಗೆ ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಕಡ್ಡಾಯ, ಮತ್ತೆ ಯಾವುದೇ 180 ದಿನದಲ್ಲಿ 90 ದಿನ ಮಾತ್ರ ಇರ್ಬೋದು, ಇದು ಪೂರ್ತಿ ಸೀಸನ್ ಪ್ಲಾನ್ ಮಾಡೋರಿಗೆ ಅಡ್ಡ ಬರತ್ತೆ. ಸಾಮಾನ್ಯ ಟ್ರಾವೆಲ್ ವಿಮೆ ಬಹಳಷ್ಟು ಸಲ ಸ್ಪರ್ಧೇಲಿ ಬಿದ್ದ ಗಾಯಕ್ಕೆ ದುಡ್ಡು ಕೊಡಲ್ಲ, ಸೈಕಲ್ ರೇಸ್ ಕವರ್ ಆಗತ್ತೆ ಅಂತ ಬರವಣಿಗೇಲಿ ಇರೋ ಪಾಲಿಸಿನೇ ತಗೊಳ್ಳಿ. ಸ್ಟಾರ್ಟ್ ದುಡ್ಡು (ರೇಸಿಗೆ ಇಳಿಯೋಕೆ ಆಯೋಜಕರು ಕೊಡೋ ದುಡ್ಡು) ತಗೊಂಡು ಓಡೋದು ಕೆಲಸ ಅಂತ ಲೆಕ್ಕ ಆಗತ್ತಾ ಅನ್ನೋದನ್ನ ರಾಯಭಾರ ಕಚೇರೀಲಿ ಮೊದಲೇ ಕೇಳಿ, ಆಯೋಜಕರ ಆಹ್ವಾನ ಪತ್ರ ಜೊತೇಲಿಟ್ಟು ಅಪ್ಲೈ ಮಾಡಿ.

ನೆಗಡಿ ಮಾತ್ರೆ, ಅಸ್ತಮಾ ಇನ್‌ಹೇಲರ್ ತಗೊಂಡ್ ಹೋಗ್ಬೋದಾ?

ಪ್ರತಿಯೊಂದನ್ನೂ ವಾಡಾ (ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ) ನಿಷೇಧಿತ ಪಟ್ಟಿ ಜೊತೆ ತಾಳೆ ನೋಡಿ, ಆ ಪಟ್ಟಿ ಪ್ರತಿ ಜನವರಿ 1ಕ್ಕೆ ಬದಲಾಗತ್ತೆ. ಬೇಕೇ ಬೇಕು ಅನ್ನೋ ಔಷಧಿ ಪಟ್ಟೀಲಿದ್ರೆ ಹೋಗೋ ಮುಂಚೆನೇ ವೈದ್ಯಕೀಯ ವಿನಾಯಿತಿ ತಗೋಬೇಕು. ಅಲ್ಲಿ ಹೋಗಿ ಅಂಗಡೀಲಿ ಸಿಕ್ಕಿದ್ದು, ಪಕ್ಕದ ಕ್ಯಾಬಿನ್ನೋರು ಕೊಟ್ಟಿದ್ದು ಬಾಯಿಗೆ ಹಾಕ್ಕೋಬೇಡಿ, ಅದೇ ಹೆಸರಿನ ಮಾತ್ರೇಲಿ ಬೇರೆ ದೇಶದಲ್ಲಿ ಬೇರೆ ಅಂಶ ಇರ್ಬೋದು.

ದುಡ್ಡು ಸಿಗತ್ತಾ ಅಥವಾ ಕೈಯಿಂದ ಹೋಗತ್ತಾ?

ಕಾಂಟ್ರ್ಯಾಕ್ಟ್ ಇರೋ ರೈಡರ್‌ಗೆ ರಾತ್ರಿಗಿಷ್ಟು ಅಂತಲೋ ಪೂರ್ತಿ ರೇಸಿಗೆ ಇಷ್ಟು ಅಂತಲೋ ಮಾತಾಗಿರತ್ತೆ, ಹೆಸರು ದೊಡ್ಡದಾದಷ್ಟೂ ಮೊತ್ತ ದೊಡ್ಡದು, ಗೆದ್ದಿದ್ದಕ್ಕಿಂತ ಈ ಮಾತೇ ಮುಖ್ಯ ಆದಾಯ. ಹೊಸಬರು, ಅದರಲ್ಲೂ 23ರ ಒಳಗಿನೋರು, ಖರ್ಚು ತಾವೇ ಹಾಕ್ಕೊಳ್ಳೋದು ಅಂತ ತಿಳ್ಕೊಂಡೇ ಹೊರಡಿ. ಹೋಟೆಲ್ ಯಾರದು, ಮೆಕ್ಯಾನಿಕ್ ಯಾರದು, ಮಸಾಜ್ ಮಾಡೋರು ಇದಾರಾ, ಮೂರನೇ ರಾತ್ರಿ ಬಿದ್ದು ಹೊರಗೆ ಹೋದ್ರೆ ದುಡ್ಡು ಎಷ್ಟು, ಇಷ್ಟನ್ನೂ ಬರವಣಿಗೇಲಿ ಕೇಳಿ, ಕೇಳೋದ್ರಲ್ಲಿ ನಾಚಿಕೆ ಬೇಡ.

ಸೈಕಲ್ ಮತ್ತೆ ಸಾಮಾನು ಏನೇನ್ ತಗೊಂಡ್ ಹೋಗ್ಲಿ?

ಟ್ರ್ಯಾಕ್ ಬೈಕ್ ಒಂದು, ಆಗೋದಾದ್ರೆ ಎರಡು. ಮ್ಯಾಡಿಸನ್‌ಗೆ ಒಂದು ಗೇರ್, ಡರ್ನಿಗೆ ದೊಡ್ಡ ಗೇರ್ ಹಾಕಿರೋ ಇನ್ನೊಂದು ಇದ್ರೆ ನಡುವಿನ ಬಿಡುವಲ್ಲಿ ಪಾನಾ ಹಿಡ್ಕೊಂಡು ಒದ್ದಾಡೋದು ತಪ್ಪತ್ತೆ. ಒಂದೇ ಇದ್ರೆ ಬೇರೆ ಬೇರೆ ಹಲ್ಲಿನ ಚೈನ್‌ರಿಂಗ್, ಹಿಂದಿನ ಕಾಗ್, ಲಾಕ್‌ರಿಂಗ್ ಪಾನಾ, ಚಕ್ರದ ನಟ್‌ಗೆ 15 ಎಂಎಂ ಪಾನಾ, ಒಂದು ಒಳ್ಳೇ ಪಂಪ್, ಎರಡು ಹೆಚ್ಚುವರಿ ಟೈರು. ಹ್ಯಾಂಡಲ್ ಟೇಪ್ ಗಟ್ಟಿಯಾಗಿ ಸುತ್ತಿರೋದು, ಒಂದೇ ಕೈಲಿ ಹಿಡಿದು ಇನ್ನೊಂದು ಕೈಲಿ ಜೊತೆಗಾರನನ್ನ ಎಸೀಬೇಕು, ಬೆವರಿಗೆ ಜಾರಬಾರ್ದು. ಚಡ್ಡಿ ಮಾತ್ರ ನಿಮಗೆ ಬೇಕು ಅನ್ಸಿದ್ದಕ್ಕಿಂತ ಜಾಸ್ತಿ ಇಟ್ಕೊಳ್ಳಿ, ಪ್ರತಿ ರೇಸಿಗೂ ಒಣಗಿರೋ ಒಗೆದಿರೋ ಚಡ್ಡಿ ಬೇಕು. ಲೈಸೆನ್ಸ್, ಶೂ, ಹೆಲ್ಮೆಟ್, ಪೆಡಲ್ ಇವು ವಿಮಾನದಲ್ಲಿ ಕೈ ಬ್ಯಾಗಲ್ಲಿರ್ಲಿ, ಬೈಕ್ ಬಾಕ್ಸ್ ತಡವಾಗಿ ಬಂದ್ರೂ ಯಾರದೋ ಸೈಕಲ್ ಮೇಲೆ ಮೊದಲ ರಾತ್ರಿ ಓಡಿಸ್ಬೋದು.

## ಟ್ರ್ಯಾಕ್ ಮೇಲೆ

ಬ್ರೇಕ್ ಇಲ್ವಂತೆ, ಮತ್ತೆ ನಿಲ್ಸೋದು ಹೇಗೆ?

ಬ್ರೇಕೂ ಇಲ್ಲ, ಫ್ರೀವೀಲೂ ಇಲ್ಲ, ಚಕ್ರ ತಿರುಗ್ತಿದ್ರೆ ಕಾಲೂ ತಿರುಗ್ಲೇಬೇಕು. ಸ್ಪೀಡ್ ಇಳ್ಸೋಕೆ ಪೆಡಲ್ ಮೇಲೆ ಮೆಲ್ಲಗೆ ಹಿಂದಕ್ಕೆ ಒತ್ತಡ ಕೊಡ್ಬೇಕು, ಅದಕ್ಕಿಂತ ಸುಲಭ ಅಂದ್ರೆ ಇಳಿಜಾರಲ್ಲಿ ಮೇಲಕ್ಕೆ ಹೋಗೋದು, ಏರು ತಾನೇ ಸ್ಪೀಡ್ ತಿನ್ನತ್ತೆ. ಯಾರಿಗೂ ಬ್ರೇಕ್ ಇಲ್ಲದಿರೋದೇ ಸುರಕ್ಷತೆ, ಮುಂದಿನೋರು ದಿಢೀರ್ ಅಂತ ನಿಲ್ಲೋ ಹಾಗೇ ಇಲ್ಲ.

ಆ ಗೋಡೆ ಥರದ ಇಳಿಜಾರು ನೋಡಿದ್ರೇ ಭಯ, ಜಾರಲ್ವಾ?

ಸ್ಪೀಡ್ ಇದ್ರೆ ಜಾರಲ್ಲ. ಸಾಮಾನ್ಯ 250 ಮೀಟರ್ ಟ್ರ್ಯಾಕ್‌ನಲ್ಲಿ ತಿರುವು ಹತ್ರಹತ್ರ 42 ಡಿಗ್ರಿ ಇರತ್ತೆ, ಗಂಟೆಗೆ ಮೂವತ್ತು ಕಿಲೋಮೀಟರ್ ಆಸುಪಾಸು ಇದ್ರೆ ಟೈರು ಹಿಡ್ಕೊಳ್ಳತ್ತೆ, ಅದಕ್ಕಿಂತ ತೀರಾ ಕಮ್ಮಿ ಆದಾಗ್ಲೇ ಕೆಳಕ್ಕೆ ಜಾರೋದು. ಹಾಗಾಗಿ ಹೆದ್ರಿಕೊಂಡು ನಿಧಾನ ಮಾಡಿದೋರೇ ಬೀಳೋದು. ಗೆಂಟ್‌ನ ಟ್ರ್ಯಾಕ್ ಮಾತ್ರ ಬೇರೇನೇ, ಒಂದು ಸುತ್ತು ಬರೀ 166.67 ಮೀಟರ್, ಅಂದ್ರೆ ಐವತ್ತು ಕಿಲೋಮೀಟರ್ ಸ್ಪೀಡಲ್ಲಿ 250 ಮೀಟರ್ ಟ್ರ್ಯಾಕ್‌ಗೆ ಒಂದು ಸುತ್ತು ಹದಿನೆಂಟು ಸೆಕೆಂಡ್ ಆದ್ರೆ ಇಲ್ಲಿ ಹನ್ನೆರಡೇ. ನೇರ ರಸ್ತೆ ಅನ್ನೋದು ಕಣ್ಣು ಮಿಟುಕಿಸೋಷ್ಟರಲ್ಲಿ ಮುಗಿಯತ್ತೆ, ಪೂರ್ತಿ ಹೊತ್ತು ತಿರುವಲ್ಲೇ ಇದ್ದ ಹಾಗೆ, ಕುತ್ತಿಗೆ ಮತ್ತು ತೋಳಿಗೆ ಬರೋ ನೋವು ಕಾಲಿನ ನೋವಿಗಿಂತ ಮೊದಲು ಗೊತ್ತಾಗತ್ತೆ. ರೇಸಿಗೆ ಮುಂಚೆ ಪ್ರಾಕ್ಟೀಸ್‌ಗೆ ಕೊಡೋ ಟೈಮ್ ಒಂದು ನಿಮಿಷಾನೂ ಬಿಡ್ಬೇಡಿ.

ಟ್ರ್ಯಾಕ್ ಮೇಲಿನ ಗೆರೆಗಳು ಯಾತಕ್ಕೆ?

ಕೆಳಗೆ ನೀಲಿ ಪಟ್ಟಿ, ಅದು ಓಡ್ಸೋ ಜಾಗ ಅಲ್ಲ. ಅದರ ಮೇಲೆ ಒಳ ಅಂಚಿಂದ 20 ಸೆಂಟಿಮೀಟರ್‌ಗೆ ಕಪ್ಪು ಗೆರೆ, ಟ್ರ್ಯಾಕ್ ಉದ್ದ ಅಳೆಯೋದು ಅದ್ರ ಮೇಲೆ. ಸುಮಾರು 85 ಸೆಂಟಿಮೀಟರ್‌ಗೆ ಕೆಂಪು ಗೆರೆ, ಸ್ಪ್ರಿಂಟ್ ನಡೀವಾಗ ಕಪ್ಪು ಕೆಂಪಿನ ನಡುವೆ ಮುಂದೆ ಇರೋರು ಆ ಜಾಗ ಬಿಟ್ಟು ಹೊರಗೆ ಬಂದು ಅಡ್ಡ ಹಾಕೋ ಹಾಗಿಲ್ಲ. ಅಗಲದ ಮೂರನೇ ಒಂದು ಭಾಗದ ಹತ್ರ ಮೇಲಿನ ನೀಲಿ ಗೆರೆ, ಮ್ಯಾಡಿಸನ್‌ನಲ್ಲಿ ಸುಧಾರಿಸ್ಕೊಳ್ಳೋರು, ಅಂದ್ರೆ ಜೊತೆಗಾರ ರೇಸಲ್ಲಿರುವಾಗ ನಿಧಾನವಾಗಿ ಸುತ್ತುತ್ತಾ ಇರೋರು, ಅದರ ಮೇಲೆ. ಹಿಂದೆ ಹಾಕೋದು ಸಾಮಾನ್ಯವಾಗಿ ಬಲಗಡೆಯಿಂದ, ಅಂದ್ರೆ ಮೇಲಿಂದ.

ಕೈ ಹಿಡಿದು ಎಸೆಯೋದನ್ನ ಹೇಗೆ ಕಲಿಯೋದು?

ಇದನ್ನ ಕಲಿಯದೆ ವಿಮಾನ ಹತ್ಬೇಡಿ. ಹ್ಯಾಂಡ್ ಸ್ಲಿಂಗ್ ಅಂತಾರೆ. ರೇಸಲ್ಲಿರೋನು ಕೆಳಗೆ ಫುಲ್ ಸ್ಪೀಡಲ್ಲಿ ಬರ್ತಾನೆ, ಮೇಲೆ ಸುಧಾರಿಸ್ಕೊಳ್ತಿರೋನು ಅವನ ಬರವು ನೋಡ್ಕೊಂಡು ಇಳಿಜಾರಿಂದ ಕೆಳಕ್ಕೆ ಇಳೀತಾ ಸ್ಪೀಡ್ ಎತ್ಕೋತಾನೆ. ಮೇಲಿನೋನ ಎಡಗೈ ಸೊಂಟದ ಪಕ್ಕ ಹಿಂದಕ್ಕೆ ಬಂದಿರತ್ತೆ, ಕೆಳಗಿನೋನ ಬಲಗೈ ಅದನ್ನ ಹಿಡಿದು, ಹತ್ತಿರಕ್ಕೆ ಎಳೆದು, ಮುಂದಕ್ಕೆ ದೂಡತ್ತೆ. ಅವನ ಸ್ಪೀಡು ಇವನಿಗೆ ಬರತ್ತೆ. ಹಳೇ ಕಾಲದಲ್ಲಿ ಚಡ್ಡಿ ಪಕ್ಕದಲ್ಲಿ ಹೊಲಿದಿರೋ ದಿಂಡು ಹಿಡಿದು ತಳ್ತಿದ್ರು, ಈಗ ಕೈಯೇ.

ಕಲಿಯೋ ಕ್ರಮ ನಾನು ಹೇಳೋದು ಹಿಂಗೆ: ಮೊದಲು ಸಮತಟ್ಟು ಜಾಗದಲ್ಲಿ ನಿಧಾನವಾಗಿ ಒಂದೇ ಕೈಲಿ ನೇರ ಓಡಿಸೋದು, ಆಮೇಲೆ ಪಕ್ಕಪಕ್ಕ ಓಡಿಸ್ತಾ ಕೈ ಹಿಡಿಯೋದು ಬಿಡೋದು ಅಷ್ಟೇ, ಆಮೇಲೆ ಎಸೆಯೋದು, ಅದು ಮೈಗೆ ಬಂದ ಮೇಲೆ ಟ್ರ್ಯಾಕ್. ಕಣ್ಣು ಕೈ ಮೇಲೆ ಇರೋದು ಆ ಹಿಡಿಯೋ ಕ್ಷಣ ಮಾತ್ರ. ಎಸೆದಾದ ಮೇಲೆ ಅದೇ ಗೆರೇಲಿ ನೇರ ಇರಿ, ಬಲ ಭುಜದ ಮೇಲಿಂದ ಹಿಂದೆ ನೋಡಿ, ಖಾಲಿ ಇದ್ರೆ ಮಾತ್ರ ಮೆಲ್ಲಗೆ ಮೇಲಕ್ಕೆ. ಸುಸ್ತಾಗಿ ಎಸೆದ ತಕ್ಷಣ ನೋಡ್ದೆ ಮೇಲಕ್ಕೆ ಹೋಗೋದು ತುಂಬಾ ಅಪಾಯ, ಹಿಂದೆ ಬರ್ತಿರೋ ಜೋಡಿಗೆ ತಪ್ಪಿಸ್ಕೊಳ್ಳೋಕೆ ಜಾಗಾನೇ ಇರಲ್ಲ.

ಎಷ್ಟು ಸುತ್ತಿಗೊಮ್ಮೆ ಬದಲಾಗ್ಬೇಕು?

ಅದನ್ನ ತೀರ್ಮಾನ ಮಾಡೋದು ಮೇಲೆ ಸುಧಾರಿಸ್ಕೊಳ್ಳೋನು ಎಷ್ಟು ಸ್ಪೀಡಲ್ಲಿ ಸುತ್ತುತ್ತಾನೆ ಅನ್ನೋದು. 250 ಮೀಟರ್ ಟ್ರ್ಯಾಕ್, ರೇಸಲ್ಲಿರೋನು ಗಂಟೆಗೆ 50 ಕಿಲೋಮೀಟರ್, ಮೇಲಿನೋನು 28 ಅಂತ ಇಟ್ಕೊಳ್ಳಿ, ವ್ಯತ್ಯಾಸ 22, ಅಂದ್ರೆ ಸುಮಾರು 41 ಸೆಕೆಂಡಿಗೊಮ್ಮೆ ಸಿಗ್ತಾರೆ, ಅಷ್ಟರಲ್ಲಿ ರೇಸಲ್ಲಿರೋನು ಎರಡೂಕಾಲು ಸುತ್ತು ಹಾಕಿರ್ತಾನೆ. ಬೇಗ ಬದಲಾಗ್ಬೇಕಾ, ಮೇಲಿನೋನು ಇನ್ನೂ ನಿಧಾನ ಆಗ್ಬೇಕು. ಸ್ಪ್ರಿಂಟ್‌ಗೆ ಸರಿಯಾದೋನು ಸರಿಯಾದ ಜಾಗದಲ್ಲಿ ಬರೋ ಹಾಗೆ ನಾಲ್ಕೈದು ಬದಲಾವಣೆ ಮುಂಚೆಯಿಂದ್ಲೇ ಈ ಲೆಕ್ಕ ಹಾಕ್ತಾ ಇರ್ಬೇಕು. ಎಣಿಸಿ ಎಣಿಸಿ ಆಮೇಲೆ ಎಣಿಸದೇ ಬರತ್ತೆ.

ಜೊತೆಗಾರ ಭಾಷೆ ಬರ್ದೋನು, ಮೊದಲ ಸಲ ನೋಡ್ತಿರೋನು, ಏನ್ ಮಾಡ್ಲಿ?

ಇದು ಸಾಮಾನ್ಯ. ಮೊದಲ ರಾತ್ರಿ ಮುಂಚೆ ಮೂರು ವಿಷಯ ಕೈಸನ್ನೇಲಾದ್ರೂ ಮಾತಾಡ್ಕೊಳ್ಳಿ: ಸ್ಪ್ರಿಂಟ್ ಯಾರು ಹೊಡೀತಾರೆ, ಉದ್ದ ಎಳೆಯೋದು ಯಾರು, ಬದಲಾವಣೆ ತಪ್ಪಿದ್ರೆ ಇನ್ನೊಂದು ಸುತ್ತು ಯಾರು ಹಾಕ್ತಾರೆ. ಮೂರನೇದು ಯಾರೂ ಮಾತಾಡಲ್ಲ, ಗಲಿಬಿಲಿ ಆಗೋದು ಅಲ್ಲೇ. ಎತ್ತರ ತೀರಾ ಬೇರೆ ಇದ್ರೆ ಕೈ ಎಷ್ಟು ಕೆಳಗೆ ಕೊಡ್ಬೇಕು ಅಂತ ಪ್ರಾಕ್ಟೀಸಲ್ಲೇ ನೋಡ್ಕೊಳ್ಳಿ. ಜೋಡಿ ಕೂಡೋದು ಅನ್ನೋದಕ್ಕೆ ಒಂದು ಚೆಂದದ ಉದಾಹರಣೆ ಇದೆ, ಗೆಂಟ್‌ನಲ್ಲೇ ಹುಟ್ಟಿದ ಬ್ರಾಡ್ಲಿ ವಿಗ್ಗಿನ್ಸ್, ಮಾರ್ಕ್ ಕ್ಯಾವೆಂಡಿಶ್ ಜೊತೆ 2008ರಲ್ಲಿ ಮ್ಯಾಡಿಸನ್ ವಿಶ್ವ ಚಾಂಪಿಯನ್ ಆದ್ರು, ಎಂಟು ವರ್ಷ ಆದ್ಮೇಲೆ ಅದೇ ಜೋಡಿ 2016ರ ಗೆಂಟ್ ಸಿಕ್ಸ್ ಡೇ ಗೆದ್ದಿತು. ವಿಗ್ಗಿನ್ಸ್ ಅವರ ಅಪ್ಪ ಗ್ಯಾರಿ ಕೂಡಾ ಸಿಕ್ಸ್ ಡೇ ರೈಡರ್.

ಡರ್ನಿ ಹಿಂದೆ ಓಡಿಸೋಕೆ ಬೇರೆ ಪ್ರಾಕ್ಟೀಸ್ ಬೇಕಾ?

ಬೇಕು. ಗಾಡಿ ಓಡಿಸೋರೂ ಪೆಡಲ್ ತುಳೀತಾ ಇರ್ತಾರೆ, ನೀವು ಅವರ ಹಿಂದಿನ ಚಕ್ರಕ್ಕೆ ಅಂಟ್ಕೊಂಡ ಹಾಗೆ ಇರ್ಬೇಕು. ಗಾಳಿ ತಾಗಲ್ಲ, ಅದಕ್ಕೆ ಸ್ಪೀಡ್ ಅರವತ್ತು ದಾಟತ್ತೆ. ಒಂದು ಅಡಿ ಹಿಂದೆ ಬಿದ್ರೆ ಗಾಳಿ ಹೊಡೆದು ಮತ್ತೆ ಸೇರ್ಕೊಳ್ಳೋಕೆ ಕಾಲೆಲ್ಲ ಖಾಲಿ ಆಗತ್ತೆ. ಜಾಸ್ತಿ, ಕಮ್ಮಿ ಅಂತ ಕೂಗೋ ಶಬ್ದ ಯಾವುದು ಅಂತ ಡ್ರೈವರ್ ಜೊತೆ ಮೊದಲೇ ಮಾತಾಡಿ, ಸಂಗೀತ ಚೀರಾಟದ ನಡುವೆ ಅವರಿಗೆ ಕೇಳೋದು ಒಂದೇ ಶಬ್ದ.

## ಆರು ರಾತ್ರಿ ತಡ್ಕೊಳ್ಳೋದು

ರೇಸ್ ನಡುವೆ ಎಲ್ಲಿರ್ತೀರ?

ಟ್ರ್ಯಾಕ್ ಪಕ್ಕದಲ್ಲೇ ಪ್ರತಿ ಜೋಡಿಗೆ ಒಂದು ಪುಟ್ಟ ಕ್ಯಾಬಿನ್, ಮಲಗೋಷ್ಟು ಹಲಗೆ, ಪರದೆ, ಕೆಲವು ಕಡೆ ಪಾಯಿಖಾನೆಗೆ ಹೋಗೋ ಟೈಮೇ ಇಲ್ಲ ಅಂತ ಒಂದು ಬಕೆಟ್. ಪಕ್ಕದಲ್ಲೇ ಜನ ಊಟ ಮಾಡ್ತಿರ್ತಾರೆ, ಬಿಯರ್ ಕುಡೀತಿರ್ತಾರೆ, ಹಾಡು ಕಿವಿ ಒಡೆಯೋ ಹಾಗೆ. ಒಬ್ಬ ಸಹಾಯಕರು ಒದ್ದೆ ಜೆರ್ಸಿ ಬಿಚ್ಚಿಸಿ, ಕಾಲು ಒರೆಸಿ, ಬಾಟಲ್ ಕೊಟ್ಟು, ಮುಂದಿನ ರೇಸ್ ಎಷ್ಟು ನಿಮಿಷಕ್ಕೆ ಅಂತ ಹೇಳ್ತಾರೆ. ಒಳ್ಳೇ ಸಹಾಯಕರು ಸಿಕ್ಕಿದ್ರೆ ಅರ್ಧ ರೇಸ್ ಆರಾಮ, ಇದು ಅತಿಶಯ ಅಲ್ಲ. ಬಂದ ಕೂಡ್ಲೇ ಕಾಲು ಮೇಲಿಟ್ಟು ಮಲ್ಕೊಳ್ಳಿ, ಫೋನ್ ನೋಡ್ತಾ ನಿಲ್ಬೇಡಿ.

ಬೆಳಗಿನ ಜಾವ ಎರಡಕ್ಕೆ ಮುಗಿದ್ರೆ ನಿದ್ದೆ ಊಟ ಹೇಗೆ?

ದಿನಾನೇ ತಿರುಗಿಸ್ಬೇಕು. ರೇಸ್ ಮುಗಿದ ಅರ್ಧ ಗಂಟೆಯೊಳಗೆ ತಿನ್ನಿ, ಹಸಿವಿಲ್ಲದಿದ್ರೂ, ಯಾಕಂದ್ರೆ ಮಾರನೇ ಸಂಜೆ ಮತ್ತೆ ಇದೇ. ಮೈ ಬಿಸಿ, ತಲೆ ತುಂಬ ಸದ್ದು ಇರೋದ್ರಿಂದ ತಕ್ಷಣ ನಿದ್ದೆ ಬರಲ್ಲ, ಅದಕ್ಕೆ ಹೆದರ್ಬೇಡಿ, ಕೋಣೆ ಪೂರ್ತಿ ಕತ್ತಲೆ ಮಾಡಿ ಮಧ್ಯಾಹ್ನ ಹೊತ್ತಿನವರೆಗೆ ಮಲಗಿ. ಎದ್ದ ಮೇಲೆ ಸರಿಯಾದ ಊಟ, ಮಧ್ಯಾಹ್ನ ಹಗುರವಾಗಿ ಒಂದಷ್ಟು ಹೊತ್ತು ತುಳಿಯೋದು, ಸಂಜೆ ರೇಸಿಗೆ ಎರಡು ಮೂರು ಗಂಟೆ ಮುಂಚೆ ಇನ್ನೊಂದು ಊಟ. ರೇಸ್ ನಡುವೆ ಸಣ್ಣ ಸಣ್ಣ ತುತ್ತು, ಬಾಳೆಹಣ್ಣು, ಅನ್ನ, ಜೆಲ್. ಒಳಗೆ ಸೆಖೆ ಇರತ್ತೆ, ಬೆವರು ಸುರಿಯತ್ತೆ, ಬಾಯಾರಿಕೆಗೆ ಕಾಯ್ಬೇಡಿ. ರಾತ್ರಿ ಕಾಫಿ ಜಾಸ್ತಿ ಕುಡಿದ್ರೆ ನಾಲ್ಕನೇ ದಿನಕ್ಕೆ ನಿದ್ದೆ ಪೂರ್ತಿ ಕೆಡತ್ತೆ.

ಸೀಟಿನ ಹುಣ್ಣು ತುಂಬಾ ಕಾಡತ್ತಂತೆ, ನಿಜಾನಾ?

ಬಹಳ ನಿಜ, ಕಾಲು ಚೆನ್ನಾಗಿದ್ರೂ ಇದೊಂದೇ ಕಾರಣಕ್ಕೆ ಬಿಟ್ಟು ಹೋಗೋರಿದಾರೆ. ತಿರುವಿನ ಒತ್ತಡದಲ್ಲಿ ಮೈಯೆಲ್ಲಾ ಸ್ಯಾಡಲ್‌ಗೆ ಅದುಮಿ ಕೂತಿರತ್ತೆ, ಫಿಕ್ಸೆಡ್ ಗೇರ್ ಆದ್ರಿಂದ ಎದ್ದು ಸುಧಾರಿಸ್ಕೊಳ್ಳೋಕೂ ಆಗಲ್ಲ. ಪ್ರತಿ ರೇಸ್ ಆದ್ಮೇಲೆ ಒದ್ದೆ ಚಡ್ಡಿ ತೆಗೆದು ಒರೆಸ್ಕೊಂಡು ಒಣ ಚಡ್ಡಿ, ಕ್ರೀಮ್ ಹೊಸದಾಗಿ. ಕೆಂಪಾಗ್ತಿದೆ ಅನ್ನೋವಾಗ್ಲೇ ಡಾಕ್ಟರ್‌ಗೆ ತೋರ್ಸಿ. ಸ್ಯಾಡಲ್ ಎತ್ತರ ಅಲ್ಲಿ ಹೋಗಿ ಬದಲಾಯಿಸ್ಬೇಡಿ.

ಬಿದ್ರೆ ಏನಾಗತ್ತೆ?

ಮರದ ಟ್ರ್ಯಾಕ್ ಮೇಲೆ ಸುಟ್ಟ ಹಾಗೆ ಚರ್ಮ ಕಿತ್ತು ಬರತ್ತೆ, ಕಾಲರ್‌ಬೋನ್ ಮುರಿಯೋದು ಸಾಮಾನ್ಯ, ಜೊತೆಗೆ ಮರದ ಸೀಳು ಚುಚ್ಚೋದು. ಮಲೇಷ್ಯಾದ ಅಜೀಜುಲ್‌ಹಸ್ನಿ ಅವಾಂಗ್ ಅವರಿಗೆ 2011ರಲ್ಲಿ ಮ್ಯಾಂಚೆಸ್ಟರ್ ವಿಶ್ವಕಪ್‌ನಲ್ಲಿ ಸುಮಾರು 20 ಸೆಂಟಿಮೀಟರ್ ಸೀಳು ಮೀನಖಂಡದ ಮೂಲಕ ಹಾದು ಹೋಗಿತ್ತು, ಹಂಗೇ ಎದ್ದು ರೇಸ್ ಮುಗ್ಸಿದ್ರು. ಸೀಳನ್ನ ನೀವೇ ಕೀಳ್ಬೇಡಿ, ಡಾಕ್ಟರ್ ಕೈಗೆ ಬಿಡಿ, ಟೆಟನಸ್ ಚುಚ್ಚುಮದ್ದು ಹೋಗೋ ಮುಂಚೆ ಹಾಕಿಸ್ಕೊಂಡಿರಿ.

ಅಪಾಯ ಇದೆ ಅನ್ನೋದನ್ನ ಮುಚ್ಚಿಡೋಕೆ ನನಗಿಷ್ಟ ಇಲ್ಲ. ಆಗಿನ ಮ್ಯಾಡಿಸನ್ ವಿಶ್ವ ಚಾಂಪಿಯನ್ ಸ್ಪೇನ್‌ನ ಇಸಾಕ್ ಗಾಲ್ವೆಜ್ 2006ರ ನವೆಂಬರ್‌ನಲ್ಲಿ ಗೆಂಟ್ ರೇಸಲ್ಲಿ ಇನ್ನೊಬ್ಬ ರೈಡರ್‌ಗೆ ತಾಗಿ ಕಂಬಿಗೆ ಅಪ್ಪಳಿಸಿ ತೀರ್ಕೊಂಡ್ರು. ಅಷ್ಟು ದೊಡ್ಡ ರೈಡರ್‌ಗೆ ಆಗಿದ್ದು ಯಾರಿಗಾದ್ರೂ ಆಗ್ಬೋದು. ತಲೆಗೆ ಪೆಟ್ಟಾದ್ರೆ ಆ ರಾತ್ರಿ ಮುಗೀತು ಅಂತ್ಲೇ ಲೆಕ್ಕ, ಜೊತೆಗಾರ ಏನೇ ಹೇಳ್ಲಿ, ಆಯೋಜಕರು ಏನೇ ಹೇಳ್ಲಿ.

## ಈಗಾಗ್ಲೇ ಓಡಿಸ್ತಿರೋರಿಗೆ

ಗೇರ್ ಯಾವುದು ಹಾಕ್ಲಿ? ಎಲ್ರೂ ದೊಡ್ಡದು ದೊಡ್ಡದು ಅಂತಾರೆ

ಲೆಕ್ಕ ಸುಲಭ. ಮುಂದಿನ ಹಲ್ಲು ಭಾಗಿಸು ಹಿಂದಿನ ಹಲ್ಲು, ಗುಣಿಸು ಚಕ್ರದ ಸುತ್ತಳತೆ. 52ಕ್ಕೆ 15 ಹಾಕಿ, ಸುತ್ತಳತೆ 2.1 ಮೀಟರ್ ಅಂದ್ರೆ ಪೆಡಲ್ ಒಂದು ಸುತ್ತಿಗೆ ಸುಮಾರು 7.28 ಮೀಟರ್, ಗಂಟೆಗೆ 50 ಕಿಲೋಮೀಟರ್‌ಗೆ ನಿಮಿಷಕ್ಕೆ ಸುಮಾರು 114 ಸುತ್ತು. ಒಳ್ಳೊಳ್ಳೇ ರೈಡರ್‌ಗಳ ಗೇರ್ ಇತ್ತೀಚೆಗೆ ದೊಡ್ಡದಾಗಿರೋದು ನಿಜ, ಆದ್ರೆ ಅದು ದೊಡ್ಡ ಟ್ರ್ಯಾಕ್‌ನಲ್ಲಿ, ಒಂದೇ ರಾತ್ರಿ ರೇಸಿಗೆ. ಸಣ್ಣ ಟ್ರ್ಯಾಕ್‌ನಲ್ಲಿ ಪ್ರತಿ ಬದಲಾವಣೆ ಆದಾಗ್ಲೂ ಸ್ಪೀಡ್ ಮತ್ತೆ ಎತ್ತಬೇಕು, ದೊಡ್ಡ ಗೇರ್ ಮೊದಲ ಎರಡು ರಾತ್ರಿ ಮಜಾ ಕೊಟ್ಟು ನಾಲ್ಕನೇ ರಾತ್ರಿ ಮಂಡಿ ಹಿಡ್ಕೊಳ್ಳತ್ತೆ. ನನ್ನ ಮಾತು ಕೇಳೋದಾದ್ರೆ ಒಂದು ಹಲ್ಲು ಸಣ್ಣದರಿಂದ ಶುರು ಮಾಡಿ, ಜೊತೆಗಾರನೂ ನೀವೂ ಹತ್ರಹತ್ರ ಒಂದೇ ಗೇರ್ ಇಟ್ಕೊಳ್ಳಿ.

ಇದೆಲ್ಲ ಮೊದಲೇ ಮಾತಾಡ್ಕೊಂಡಿರ್ತಾರಂತೆ, ಹೌದಾ?

ಹಿರಿಯ ರೈಡರ್‌ಗಳು ಸೇರಿ ರೇಸಿನ ಓಟ ಹತೋಟೀಲಿ ಇಟ್ಕೊಳ್ಳೋದು ಹಿಂದಿನಿಂದ್ಲೂ ಇತ್ತು, ಬ್ಲೂ ಟ್ರೇನ್ ಅಂತ ಅಂಥ ಗುಂಪಿಗೆ ಹೆಸರೇ ಇತ್ತು. ಜನ ಟಿಕೆಟ್ ತಗೊಂಡು ಬಂದಿರ್ತಾರೆ, ಮೊದಲ ರಾತ್ರೀನೇ ಒಂದು ಟೀಮ್ ಹತ್ತು ಲ್ಯಾಪ್ ಮುಂದೆ ಹೋದ್ರೆ ಉಳಿದ ಐದು ರಾತ್ರಿ ಯಾರು ನೋಡ್ತಾರೆ ಅನ್ನೋ ಯೋಚನೆ ಅದರ ಹಿಂದೆ. ಹಾಗಂತ ಇದು ಬರೀ ನಾಟಕ ಅನ್ನೋದನ್ನ ನಾನು ಒಪ್ಪಲ್ಲ. ಬೆಲ್ಜಿಯಂನ ಪ್ಯಾಟ್ರಿಕ್ ಸೆರ್ಕು 223 ಸಿಕ್ಸ್ ಡೇ ಓಡಿ 88 ಗೆದ್ರು, ಆಸ್ಟ್ರೇಲಿಯಾದ ಡ್ಯಾನಿ ಕ್ಲಾರ್ಕ್ 74 ಗೆದ್ರು, ಕಾಲಲ್ಲಿ ಶಕ್ತಿ ಇಲ್ದೆ ಯಾರೂ ಅಷ್ಟು ಗೆಲ್ಲೋಕೆ ಬಿಡಲ್ಲ. ಕೊನೇ ರಾತ್ರಿಯ ಕೊನೇ ಮ್ಯಾಡಿಸನ್ ಒಂದು ಸಲ ಒಳಗಿದ್ದು ಓಡಿ ನೋಡಿ. ಹೊಸಬರು ಗಮನಿಸ್ಬೇಕಾದ್ದು ಇಷ್ಟು, ಹಿರಿಯರು ನಿಧಾನ ಮಾಡಿದಾಗ ಹಾರಿ ಹೋಗ್ಬೇಡಿ, ಮೊದಲ ಎರಡು ರಾತ್ರಿ ಸುರಕ್ಷಿತವಾಗಿ, ಯಾರಿಗೂ ತೊಂದ್ರೆ ಕೊಡದೆ ಓಡಿಸ್ತೀರ ಅಂತ ತೋರ್ಸಿ.

ಲ್ಯಾಪ್ ಹೊಡೆಯೋಕೆ ಯಾವ ಹೊತ್ತು ಸರಿ?

ಸ್ಪ್ರಿಂಟ್ ಮುಗಿದ ತಕ್ಷಣ ಎಲ್ರೂ ಉಸಿರು ಬಿಡ್ತಾರಲ್ಲ, ಆ ಅರ್ಧ ಸುತ್ತು. ನಿಮ್ಮ ಜೊತೆಗಾರ ಸ್ಪ್ರಿಂಟ್ ಹೊಡೆಯದೆ ತಾಜಾ ಆಗಿ ಬರ್ತಿರ್ಬೇಕು, ಮುಖ್ಯ ಎದುರಾಳಿ ಕೈ ಬದಲಾಯಿಸೋ ಮಧ್ಯೆ ಇರ್ಬೇಕು, ಆಗ ಸ್ಲಿಂಗ್‌ನ ಎಸೆತಾನೇ ಅಟ್ಯಾಕ್. ಹೋದ ಮೇಲೆ ಇಬ್ಬರೂ ಚಿಕ್ಕ ಚಿಕ್ಕದಾಗಿ ಬದಲಾಗ್ತಾ ಇರಿ, ಒಬ್ಬನೇ ಉದ್ದ ಎಳೆದ್ರೆ ಅರ್ಧ ಟ್ರ್ಯಾಕ್ ಆದ್ಮೇಲೆ ನಿಂತು ಹೋಗ್ತೀರ. ಬಾಲ ಕಾಣೋಕೆ ಶುರುವಾದಾಗ್ಲೇ ಎಲ್ರೂ ಖುಷೀಲಿ ನಿಧಾನ ಮಾಡೋದು, ಗುಂಪು ಆಗ್ಲೇ ಸ್ಪೀಡ್ ಎತ್ತೋದು, ಆ ಕೊನೇ ಐವತ್ತು ಮೀಟರ್‌ಗೆ ಕಾಲು ಉಳಿಸ್ಕೊಂಡಿರಿ.

ಕೊನೇ ರಾತ್ರಿ ಮಾತ್ರ ಬೋರ್ಡ್ ನೋಡಿ ಓಡಿಸ್ಬೇಕು. ನಿಮಗೆ 392 ಪಾಯಿಂಟ್ ಇದೆ ಅಂದ್ಕೊಳ್ಳಿ, ಇನ್ನೆಂಟು ಸಿಕ್ಕಿದ್ರೆ ನಾನೂರು, ಬೋನಸ್ ಲ್ಯಾಪ್ ಕೂತಲ್ಲೇ ಸಿಗತ್ತೆ, ಅದಕ್ಕಾಗಿ ಎರಡು ಸ್ಪ್ರಿಂಟ್‌ಗೆ ಜೀವ ಬಿಟ್ಟು ಹೋಗೋದು ಒಂದು ಲ್ಯಾಪ್ ಕಾಲಲ್ಲಿ ಹೊಡೆಯೋದಕ್ಕಿಂತ ಅಗ್ಗ. ಎದುರಾಳಿ ಈಗಾಗ್ಲೇ ನೂರರ ಗಡಿ ದಾಟಿದ್ದು ನೀವು ದಾಟಿಲ್ಲ ಅಂದ್ರೆ ಅವರು ನಿಮ್ಮನ್ನ ಸ್ಪ್ರಿಂಟಲ್ಲೇ ಹಿಡಿದಿಡೋಕೆ ನೋಡ್ತಾರೆ, ಆಗ ಆ ಸ್ಪ್ರಿಂಟ್ ಬಿಟ್ಟುಕೊಟ್ಟು ಅದರ ಬೆನ್ನಿಗೇ ಹಾರಿ. ಕ್ಯಾಬಿನ್‌ನಲ್ಲಿರೋ ಸಹಾಯಕರಿಗೆ ಈ ಲೆಕ್ಕ ಒಪ್ಸಿ, ಪ್ರತಿ ಹತ್ತು ಸುತ್ತಿಗೆ ಎರಡೇ ಅಂಕಿ ಹಲಗೆ ಮೇಲೆ ಬರೆದು ತೋರ್ಸೋಕೆ ಹೇಳಿ: ಎಷ್ಟು ಲ್ಯಾಪ್ ವ್ಯತ್ಯಾಸ, ನೂರಕ್ಕೆ ಇನ್ನೆಷ್ಟು.